ದತ್ತಾಂಶವೂ ಒಂದು ದತ್ತಿ

(ವಿಶಾಖಪಟ್ಟಣದ ಕನ್ನಡಿಗರ ಸಭೆಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಎಂದರೆ ಕೊಟ್ಟದ್ದು. ಕೊಡುವಾಗ ಕೊಟ್ಟವರು ಒಂದು ಉದ್ದೇಶ ಹೇಳಿರುತ್ತಾರೆ. ಮೂಲಧನ ಮುಟ್ಟಬಾರದು, ಬಡ್ಡಿ ಇಂಥದ್ದಕ್ಕೇ ಖರ್ಚಾಗಬೇಕು ಎಂದು ಬರೆದಿಟ್ಟಿರುತ್ತಾರೆ. ಹಣ ಇರುವುದು ಸಂಸ್ಥೆಯ ಖಾತೆಯಲ್ಲಿ. ಆದರೂ ಸಂಸ್ಥೆ ಅದರ ಯಜಮಾನನಲ್ಲ, ಪಾಲಕ. ಡೇಟಾ ಎಂಬುದಕ್ಕೆ ಕನ್ನಡದಲ್ಲಿ ನಾವು ದತ್ತಾಂಶ ಎನ್ನುತ್ತೇವೆ. ಆ ಪದದೊಳಗೂ ಇದೇ ‘ದತ್ತ’ ಕುಳಿತಿದೆ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟು: ಓಟಗಾರನೊಬ್ಬ ತನ್ನ ಕೈಗಡಿಯಾರದ ಮೂಲಕ ಕಂಪನಿಯೊಂದಕ್ಕೆ ಒಪ್ಪಿಸುವ ಲೆಕ್ಕವೂ ದತ್ತಿಯೇ. ಪಡೆದವರು ಪಾಲಕರು. ಅದನ್ನು ಯಾರಿಗೆ ತೋರಿಸಬೇಕು, ಯಾರಿಂದ ಮುಚ್ಚಿಡಬೇಕು ಎಂಬ ಎರಡೂ ಮಾತು ಕೊಟ್ಟವನ ಬಾಯಿಂದಲೇ ಬರಬೇಕು.

ಇವತ್ತು ಬೆಳಗಿನ ಜಾವ ರಾಮಕೃಷ್ಣ ಬೀಚಿನ ರಸ್ತೆಗೆ ಹೋಗಿದ್ದೆ. ಅಲ್ಲಿ ದಡದ ಮೇಲೆ ಇಟ್ಟಿರುವ ಕುರ್ಸುರಾ ಜಲಾಂತರ್ಗಾಮಿಯ ಎದುರು ಇಪ್ಪತ್ತು ಮೂವತ್ತು ಮಂದಿ ಸೇರಿದ್ದರು. ಕೆಲವರು ಭೀಮಿಲಿಯ ಕಡೆಗೆ ಹೊರಟರು, ಕೆಲವರು ಅಲ್ಲೇ ವೇಗದ ಸುತ್ತು ಹಾಕಿದರು. ಓಟ ನಿಲ್ಲಿಸಿದೊಡನೆ ಎಲ್ಲರೂ ಮಾಡಿದ ಮೊದಲ ಕೆಲಸ ಒಂದೇ: ಮಣಿಕಟ್ಟಿನ ಗಡಿಯಾರದ ಗುಂಡಿ ಒತ್ತಿದರು. ನೀರು ಕುಡಿದದ್ದು ಆಮೇಲೆ. ಓಡಿದ್ದು ಎಲ್ಲೋ ಬರೆಯಲ್ಪಟ್ಟಿತು ಎಂಬ ಸಮಾಧಾನ ಅವರಿಗೆ ನೀರಿಗಿಂತ ಮೊದಲು ಬೇಕಿತ್ತು. ಅದನ್ನು ಹಗುರವಾಗಿ ಕಾಣಬೇಡಿ. ಓಟಗಾರನಿಗೆ ಆ ಲೆಕ್ಕವೇ ಗಳಿಕೆ.

ನಾನು ಓಡುತ್ತಿದ್ದ ಕಾಲದಲ್ಲಿ ಆ ಲೆಕ್ಕ ಒಂದು ನೋಟುಪುಸ್ತಕದಲ್ಲಿ ಇರುತ್ತಿತ್ತು. ಧಾರವಾಡದ ಮಣ್ಣಿನ ಟ್ರ್ಯಾಕಿನ ಪಕ್ಕ ನಮ್ಮ ಗುರುಗಳು ಕೈಯಲ್ಲಿ ಸ್ಟಾಪ್‌ವಾಚ್, ಕಿವಿಯ ಮೇಲೆ ಪೆನ್ಸಿಲ್ಲು ಇಟ್ಟುಕೊಂಡು ನಿಂತಿರುತ್ತಿದ್ದರು. ಪ್ರತಿ 400 ಮೀಟರಿಗೂ ವೇಳೆ, ನಿಂತ ಕೂಡಲೇ ಕುತ್ತಿಗೆಗೆ ಬೆರಳಿಟ್ಟು ಎಣಿಸಿದ ನಾಡಿ, ಬದಿಯಲ್ಲಿ ‘ರಾತ್ರಿ ನಿದ್ದಿ ಇಲ್ಲ’, ‘ಮಳಿ, ಟ್ರ್ಯಾಕ್ ಹಸಿ’ ಎಂಬ ಟಿಪ್ಪಣಿ. ಮೂರು ವರ್ಷ ಹೀಗೆ ನಡೆಯಿತು. ಅವರಿಗೆ ಬೇರೆ ಊರಿಗೆ ವರ್ಗವಾದಾಗ ನನ್ನನ್ನು ಕರೆದು, ನನ್ನ ಹೆಸರಿನ ಪುಟಗಳನ್ನೆಲ್ಲ ದಾರದಲ್ಲಿ ಹೊಲಿದು ಕೈಗಿಟ್ಟರು. “ಓಡಿದಾಂವ ನೀನು, ನಾ ಬರೇ ಬರದಿಟ್ಟಾಂವ. ಇವು ನಿನ್ನ ಹಾಳಿ, ತಗೊಂಡ್ಹೋಗು. ಮುಂದಿನ ಮಾಸ್ತರಗ ತೋರಿಸು,” ಎಂದರು. ಹೊಸ ಗುರುಗಳು ಆ ಪುಟಗಳನ್ನು ಒಂದು ಸಂಜೆ ಕೂತು ಓದಿದರು. ಮರುದಿನದಿಂದಲೇ ನನ್ನ ಅಭ್ಯಾಸ ಮುಂದುವರಿಯಿತು. ಒಂದು ವಾರವೂ ಪೋಲಾಗಲಿಲ್ಲ.

ಬರೆದವನು ಯಾರು, ಎಲ್ಲಿ ಬರೆದ ಎಂಬುದು ಕ್ರೀಡಾಪಟುವಿನ ಬದುಕನ್ನೇ ತಿರುಗಿಸಬಲ್ಲದು ಎಂಬುದಕ್ಕೆ ಈ ಊರಿನ ಮಗಳೇ ಸಾಕ್ಷಿ. ಜ್ಯೋತಿ ಯರ್ರಾಜಿ 2020ರ ಜನವರಿಯಲ್ಲಿ ನಮ್ಮ ಮೂಡುಬಿದಿರೆಯ ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 100 ಮೀಟರ್ ಹರ್ಡಲ್ಸನ್ನು 13.03 ಸೆಕೆಂಡಿನಲ್ಲಿ ಮುಗಿಸಿದರು. ಅನುರಾಧಾ ಬಿಸ್ವಾಲ್ 2002ರಲ್ಲಿ ಬರೆದ 13.38ರ ರಾಷ್ಟ್ರೀಯ ದಾಖಲೆಗಿಂತ ಅದು ಎಷ್ಟೋ ವೇಗ. ಆದರೆ ಉದ್ದೀಪನ ಮದ್ದಿನ ಪರೀಕ್ಷೆ ಆಗಿರಲಿಲ್ಲ, ಅಥ್ಲೆಟಿಕ್ಸ್ ಫೆಡರೇಷನ್ನಿನ ತಾಂತ್ರಿಕ ಪ್ರತಿನಿಧಿ ಅಲ್ಲಿರಲಿಲ್ಲ; ದಾಖಲೆ ಒಪ್ಪಿತವಾಗಲಿಲ್ಲ. 2022ರ ಏಪ್ರಿಲ್‌ನಲ್ಲಿ ಕೋಝಿಕ್ಕೋಡಿನಲ್ಲಿ 13.09 ಓಡಿದರು, ಬೆನ್ನಗಾಳಿ ಸೆಕೆಂಡಿಗೆ 2.0 ಮೀಟರಿನ ಮಿತಿಯನ್ನು ಕೂದಲೆಳೆಯಷ್ಟು ಮೀರಿತ್ತು, ಅದೂ ಹೋಯಿತು. ಕೊನೆಗೆ ಅದೇ ವರ್ಷ ಮೇ 10ರಂದು ಸೈಪ್ರಸ್ಸಿನ ಲಿಮಸೋಲ್‌ನಲ್ಲಿ 13.23ಕ್ಕೆ ದಾಖಲೆ ಅವರ ಹೆಸರಿಗೆ ಬಂತು. ಮೂಡುಬಿದಿರೆಯಲ್ಲಿ ಓಡಿದ್ದಕ್ಕಿಂತ ನಿಧಾನದ ಓಟ ದಾಖಲೆಯಾಯಿತು. ಕೂಟದ ನಿಯಮಗಳು ಎಲ್ಲರಿಗೂ ಒಂದೇ, ಮೊದಲೇ ಗೊತ್ತಿದ್ದವು. ಅದಕ್ಕೆ ನನ್ನ ತಕರಾರಿಲ್ಲ. ಕಾಲು ಮಾಡಿದ ಕೆಲಸ ಒಂದು, ಕಡತ ಒಪ್ಪಿದ ಕೆಲಸ ಇನ್ನೊಂದು ಎಂಬುದನ್ನು ನೀವು ನೆನಪಿಟ್ಟುಕೊಂಡರೆ ಸಾಕು.

ಇಂದಿನ ಕಡತ ಹೇಗೆ ಕೆಲಸ ಮಾಡುತ್ತದೆ? ಗಡಿಯಾರದ ಅಡಿಯಲ್ಲಿ ಹಸಿರು ಬೆಳಕು ಮಿನುಗುತ್ತದೆ. ಚರ್ಮದ ಕೆಳಗೆ ರಕ್ತ ಹರಿದಂತೆಲ್ಲ ಮರಳಿ ಬರುವ ಬೆಳಕು ಏರಿಳಿಯುತ್ತದೆ. ಅದರಿಂದ ನಾಡಿ ತಿಳಿಯುತ್ತದೆ. ಉಪಗ್ರಹಗಳ ಸಂಕೇತದಿಂದ ಜಾಗ ಮತ್ತು ವೇಗ ತಿಳಿಯುತ್ತವೆ. ಓಟ ಮುಗಿದೊಡನೆ ಇದೆಲ್ಲ ಒಂದು ಫೈಲ್ ಆಗಿ ಬ್ಲೂಟೂತ್ ಮೂಲಕ ಫೋನಿಗೆ, ಫೋನಿನಿಂದ ಗಡಿಯಾರದ ಕಂಪನಿಯ ಸರ್ವರಿಗೆ ಹೋಗುತ್ತದೆ. ಅಲ್ಲಿಂದ ಸ್ಟ್ರಾವಾದಂಥ ಆ್ಯಪ್‌ಗೆ, ಅಲ್ಲಿಂದ ತರಬೇತುದಾರ ಬಳಸುವ ಇನ್ನೊಂದು ಆ್ಯಪ್‌ಗೆ. ಒಂದು ಆ್ಯಪ್ ಇನ್ನೊಂದಕ್ಕೆ ಲೆಕ್ಕ ಬಿಟ್ಟುಕೊಡುವ ಕಿಂಡಿಗೆ ತಂತ್ರಜ್ಞರು ಎಪಿಐ ಎನ್ನುತ್ತಾರೆ. ನಮ್ಮ ಹಳ್ಳಿಯ ಮಾತಿನಲ್ಲಿ ಅದು ಕೆರೆಯ ತೂಬು. ಕೆರೆ ಎಷ್ಟೇ ತುಂಬಿರಲಿ, ತೂಬು ಎತ್ತಿದರೆ ಮಾತ್ರ ಗದ್ದೆಗೆ ನೀರು.

ಆ ನೀರಿನಿಂದ ತರಬೇತುದಾರ ಏನು ಬೆಳೆಯುತ್ತಾನೆ ಎಂದು ಕೇಳಬಹುದು. ವಿಜಯವಾಡದ ಮೇ ತಿಂಗಳನ್ನು ನೆನಪಿಸಿಕೊಳ್ಳಿ. ವಿಶಾಖಪಟ್ಟಣದ ಸಮುದ್ರದ ತೇವವನ್ನು ನೆನಪಿಸಿಕೊಳ್ಳಿ. ಇಲ್ಲಿ ಬೆವರು ಹರಿಯುತ್ತದೆ, ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ; ದೇಹ ಹೆಚ್ಚು ರಕ್ತವನ್ನು ಚರ್ಮದ ಕಡೆಗೆ ಕಳಿಸುತ್ತದೆ; ಅದೇ ವೇಗಕ್ಕೆ ಹೃದಯ ಹೆಚ್ಚು ಬಡಿಯಬೇಕಾಗುತ್ತದೆ. ನಿನ್ನೆ 150 ಇದ್ದ ನಾಡಿ ಇವತ್ತು 165 ಆದರೆ ಅದು ಸೆಖೆಯೋ, ನಿದ್ರೆಗೆಟ್ಟದ್ದೋ, ಜ್ವರದ ಮುನ್ಸೂಚನೆಯೋ, ಅತಿ ಅಭ್ಯಾಸದ ಆಯಾಸವೋ? ಒಂದು ದಿನದ ಅಂಕಿ ಇದಕ್ಕೆ ಉತ್ತರ ಕೊಡದು. ತಿಂಗಳುಗಟ್ಟಲೆ ಲೆಕ್ಕವನ್ನು ಪಕ್ಕಪಕ್ಕ ಇಟ್ಟಾಗ, ಜೊತೆಗೆ ಓಡಿದ ಹತ್ತು ಮಂದಿಯ ಲೆಕ್ಕದೊಡನೆ ಹೋಲಿಸಿದಾಗ ಮಾತ್ರ ತಿಳಿಯುತ್ತದೆ. ಸೆಖೆಗೆ ದೇಹ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಆ ದಿನಗಳಲ್ಲಿ ‘ಇವತ್ತು ಸಾಕು, ಮನೆಗೆ ಹೋಗು’ ಎಂದು ಹೇಳಬಲ್ಲ ತರಬೇತುದಾರ ಹುಡುಗನ ಪ್ರಾಣ ಕಾಯುತ್ತಾನೆ. 350 ಕಿಲೋಮೀಟರು ದೂರದ ವಿಜಯವಾಡದಲ್ಲಿ ಕೂತು ವಿಶಾಖಪಟ್ಟಣದ ಹುಡುಗನಿಗೆ ಹಾಗೆ ಹೇಳಬೇಕಾದರೆ ತೂಬು ತೆರೆದಿರಬೇಕು.

2024ರ ನವೆಂಬರಿನಲ್ಲಿ ಆ ತೂಬಿನ ನಿಯಮ ಬದಲಾಯಿತು. 2009ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಸ್ಟ್ರಾವಾ, ಅಷ್ಟರಲ್ಲಿ ಜಗತ್ತಿನ ಓಟಗಾರರ ಮತ್ತು ಸೈಕಲ್ ಸವಾರರ ದೊಡ್ಡ ಕೆರೆಯಾಗಿತ್ತು. ಬಗೆಬಗೆಯ ಗಡಿಯಾರಗಳ ನೀರು ಅಲ್ಲಿಗೆ ಬಂದು ಸೇರುತ್ತಿತ್ತು. ಸಣ್ಣ ಆ್ಯಪ್‌ಗಳನ್ನು ಕಟ್ಟುವವರಿಗೆ ಹತ್ತಾರು ಗಡಿಯಾರ ಕಂಪನಿಗಳ ಬಾಗಿಲು ತಟ್ಟುವ ಬದಲು ಈ ಒಂದು ತೂಬೇ ಸಾಕಾಗಿತ್ತು. ಹೊಸ ಒಪ್ಪಂದ ಮುಖ್ಯವಾಗಿ ಮೂರು ಮಾತು ಹೇಳಿತು. ಒಬ್ಬ ಬಳಕೆದಾರನ ಲೆಕ್ಕವನ್ನು ಹೊರಗಿನ ಆ್ಯಪ್ ಅವನಿಗೆ ಮಾತ್ರ ತೋರಿಸಬಹುದು, ಬೇರೆಯವರಿಗೆ ತೋರಿಸುವಂತಿಲ್ಲ. ಆ ಲೆಕ್ಕವನ್ನು ಕೃತಕ ಬುದ್ಧಿಮತ್ತೆಯ ಮಾದರಿಗಳಿಗೆ ಉಣಿಸುವಂತಿಲ್ಲ. ಸ್ಟ್ರಾವಾದ ರೂಪವನ್ನೇ ಹೋಲುವ ಆ್ಯಪ್ ಕಟ್ಟುವಂತಿಲ್ಲ. ಆ್ಯಪ್ ಕಟ್ಟಿದವರಿಗೆ ಸಿಕ್ಕ ಅವಧಿ 30 ದಿನ.

ಕಂಪನಿ ಕೊಟ್ಟ ಕಾರಣ ಬಳಕೆದಾರರ ಖಾಸಗಿತನ. ತೊಂದರೆ ಆಗುವುದು ಶೇಕಡಾ 0.1ಕ್ಕಿಂತ ಕಡಿಮೆ ಆ್ಯಪ್‌ಗಳಿಗೆ, ಬಳಕೆದಾರರಿಗೆ ಸಲಹೆ ಕೊಡುವ ತರಬೇತಿ ವೇದಿಕೆಗಳು ಮುಂದುವರಿಯಬಹುದು ಎಂದೂ ಅದು ಹೇಳಿತು. ಆದರೆ ‘ಅವನಿಗೆ ಮಾತ್ರ’ ಎಂಬ ಪದ ನೇರವಾಗಿ ತರಬೇತುದಾರನ ಮೇಲೆ ಬಿತ್ತು. ಇಂಟರ್ವಲ್ಸ್.ಐಸಿಯು, ಫೈನಲ್ ಸರ್ಜ್‌ನಂಥ ತರಬೇತಿ ಸಾಧನಗಳು, ಸ್ಟ್ರಾವಾ ಮೂಲಕ ಬಂದ ಲೆಕ್ಕವನ್ನು ಇನ್ನು ತರಬೇತುದಾರನಿಗೆ ತೋರಿಸಲಾಗದು, ನಿಮ್ಮ ಗಡಿಯಾರದ ಕಂಪನಿಯಿಂದಲೇ ನೇರ ಸಂಪರ್ಕ ಮಾಡಿಕೊಳ್ಳಿ ಎಂದು ಬಳಕೆದಾರರಿಗೆ ತಿಳಿಸಬೇಕಾಯಿತು. ದುಬಾರಿ ಗಡಿಯಾರ ಕಟ್ಟಿದವರು ಹೊಸ ಕಾಲುವೆ ತೋಡಿಕೊಂಡರು. ಗಡಿಯಾರವೇ ಇಲ್ಲದೆ, ಅಣ್ಣನ ಹಳೆಯ ಫೋನನ್ನು ಸೊಂಟಕ್ಕೆ ಕಟ್ಟಿ, ಅದರಲ್ಲಿ ಸ್ಟ್ರಾವಾ ಹಾಕಿಕೊಂಡು ಕೃಷ್ಣೆಯ ದಂಡೆಯ ಮೇಲೆ ಓಡುವ ಹುಡುಗನಿಗೆ ನೇರ ಕಾಲುವೆ ಎಲ್ಲಿಂದ ಬರಬೇಕು? ತೂಬು ಇಳಿದಾಗ ಮೊದಲು ಒಣಗುವುದು ಕೊನೆಯ ಗದ್ದೆ. ಈ ಅನ್ಯಾಯವನ್ನು ನಾವು ಸಾಕಷ್ಟು ಗಟ್ಟಿಯಾಗಿ ಹೇಳಿಲ್ಲ.

ಇನ್ನೊಂದು ವರ್ಷ ಕಳೆಯುವಷ್ಟರಲ್ಲಿ ಅದೇ ಸ್ಟ್ರಾವಾ ತಾನೇ ಕೆಳಗದ್ದೆಯಲ್ಲಿ ನಿಂತಿತು. ತನ್ನ ಗಡಿಯಾರದಿಂದ ಬಂದ ಪ್ರತಿ ಓಟದ ಪಕ್ಕದಲ್ಲೂ ತನ್ನ ಗುರುತು ಇರಬೇಕು ಎಂದು ಗಾರ್ಮಿನ್ ಕಂಪನಿ 2025ರ ನವೆಂಬರ್ 1ರ ಗಡುವು ಹಾಕಿತು. ಸೆಪ್ಟೆಂಬರ್ 30ರಂದು ಸ್ಟ್ರಾವಾ ಗಾರ್ಮಿನ್ ವಿರುದ್ಧ ಪೇಟೆಂಟ್ ಮೊಕದ್ದಮೆ ಹೂಡಿತು. ಗಡಿಯಾರದಲ್ಲಿ ದಾಖಲಿಸಿದ್ದು ಬಳಕೆದಾರನದ್ದೇ, ಅದನ್ನು ಅವನು ಬೇಕಾದಲ್ಲಿಗೆ ಒಯ್ಯುವಂತಿರಬೇಕು ಎಂದು ಆಗ ಅದು ವಾದಿಸಿತು. ತಿಂಗಳು ತುಂಬುವ ಮೊದಲೇ ಮೊಕದ್ದಮೆಯನ್ನು ಹಿಂದಕ್ಕೆ ಪಡೆಯಿತು. ಆ ವಾದ ಸರಿಯಾದ ವಾದ. ಒಂದು ಕಂಪನಿಗೆ ಅದು ತನಗೆ ನೋವಾದಾಗ ಹೊಳೆಯುತ್ತದೆ ಎಂದಾದರೆ, ಅದನ್ನು ಕಂಪನಿಗಳ ಮನಸ್ಸಿಗೆ ಬಿಡದೆ ಕಾನೂನಿನಲ್ಲಿ ಬರೆಯುವುದೇ ದಾರಿ.

ಇಷ್ಟು ಹೇಳಿದ ಮೇಲೆ, ಮುಚ್ಚುವವರ ಮಾತನ್ನೂ ಈ ಊರಿನಲ್ಲಿ ನಿಂತು ಗೌರವದಿಂದ ಕೇಳಬೇಕು. ಇದು ಪೂರ್ವ ನೌಕಾ ಕಮಾಂಡಿನ ಊರು. 2017ರ ನವೆಂಬರಿನಲ್ಲಿ ಸ್ಟ್ರಾವಾ ನೂರು ಕೋಟಿ ಚಟುವಟಿಕೆಗಳ ಲೆಕ್ಕದಿಂದ ಜಗತ್ತಿನ ನಕಾಶೆಯೊಂದನ್ನು ಪ್ರಕಟಿಸಿತು. ಜನ ಹೆಚ್ಚು ಓಡಿದ ದಾರಿಗಳು ಅದರಲ್ಲಿ ಹೊಳೆಯುತ್ತಿದ್ದವು. 2018ರ ಜನವರಿಯಲ್ಲಿ ನೇಥನ್ ರೂಸರ್ ಎಂಬ ಆಸ್ಟ್ರೇಲಿಯಾದ ವಿದ್ಯಾರ್ಥಿ, ಕತ್ತಲಾಗಿರಬೇಕಾದ ಮರುಭೂಮಿಗಳಲ್ಲಿ ಸೇನಾ ನೆಲೆಗಳ ಒಳದಾರಿಗಳು ಬೆಳಗುತ್ತಿರುವುದನ್ನು ತೋರಿಸಿಕೊಟ್ಟ. ಯಾವ ಸೈನಿಕನೂ ಗುಟ್ಟು ಮಾರಿರಲಿಲ್ಲ. ಬೆಳಿಗ್ಗೆ ಎದ್ದು ಓಡಿದ್ದ, ಅಷ್ಟೇ. 2024ರ ಅಕ್ಟೋಬರಿನಲ್ಲಿ ಫ್ರಾನ್ಸಿನ ‘ಲ ಮೋಂದ್’ ಪತ್ರಿಕೆ, ದೇಶಾಧ್ಯಕ್ಷರ ಅಂಗರಕ್ಷಕರ ಓಟದ ದಾಖಲೆಗಳಿಂದ ಅಧ್ಯಕ್ಷರು ಇಳಿದುಕೊಳ್ಳುವ ಜಾಗವನ್ನೇ ಗುರುತಿಸಬಹುದು ಎಂದು ವಿವರವಾಗಿ ಬರೆಯಿತು.

2019ರ ಡಿಸೆಂಬರನ್ನು ನಿಮ್ಮಲ್ಲಿ ಅನೇಕರು ಮರೆತಿರಲಾರರು. ಗೂಢಚರ್ಯೆಯ ಆರೋಪದ ಮೇಲೆ ಆಂಧ್ರಪ್ರದೇಶದ ಪೊಲೀಸರು ನೌಕಾಪಡೆಯ ಏಳು ಮಂದಿ ಸಿಬ್ಬಂದಿಯನ್ನು ಬಂಧಿಸಿದರು. ಆ ಕಾರ್ಯಾಚರಣೆಗೆ ಇಟ್ಟ ಹೆಸರು ನಮ್ಮ ಬಂದರಿನ ಗುಡ್ಡದ್ದೇ, ಡಾಲ್ಫಿನ್ಸ್ ನೋಸ್. ತನಿಖೆ ಇಲ್ಲಿಂದ ಮುಂಬಯಿಗೆ, ನಮ್ಮ ಕಾರವಾರಕ್ಕೆ ಹರಡಿತು. ಅದೇ ತಿಂಗಳು ನೌಕಾಪಡೆ ತನ್ನ ನೆಲೆ ಮತ್ತು ಹಡಗುಗಳಲ್ಲಿ ಸ್ಮಾರ್ಟ್‌ಫೋನ್ ಮತ್ತು ಫೇಸ್‌ಬುಕ್ಕನ್ನು ನಿಷೇಧಿಸಿತು. ಆ ಪ್ರಕರಣ ಓಟದ ಆ್ಯಪ್‌ನದ್ದಲ್ಲ. ಆದರೆ ಕೈಯಲ್ಲಿರುವ ಸಣ್ಣ ಯಂತ್ರ ಎಷ್ಟು ದೊಡ್ಡ ಬಾಗಿಲಾಗಬಲ್ಲದು ಎಂಬುದನ್ನು ಈ ಊರು ಅಂದು ಕಲಿಯಿತು. ಸೈನಿಕರ ಮಾತು ಬಿಡಿ. ದಿನವೂ ಒಂದೇ ಗೇಟಿನಿಂದ ಹೊರಟು, ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ಓಡುವ ಹೆಣ್ಣುಮಗಳ ನಕಾಶೆ ಅಪರಿಚಿತನ ಕಣ್ಣಿಗೆ ಬಿದ್ದರೆ ಏನಾಗಬಹುದೆಂದು ಇಲ್ಲಿ ಕೂತಿರುವ ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ತೆರೆಯಬೇಕೋ, ಮುಚ್ಚಬೇಕೋ? ಪ್ರಶ್ನೆಯನ್ನು ಹೀಗೆ ಇಟ್ಟರೆ ಓಟಗಾರ ಎರಡೂ ಕಡೆ ಸೋಲುತ್ತಾನೆ. ಕೀಲಿ ಯಾರ ಕೈಯಲ್ಲಿ ಎಂದು ಕೇಳಬೇಕು. ಇಲ್ಲಿ ಇಬ್ಬರು ನ್ಯಾಯಮೂರ್ತಿಗಳನ್ನು ನೆನೆಯುವುದು ನನ್ನ ಕರ್ತವ್ಯ. ಇಬ್ಬರೂ ನಮ್ಮ ನೆಲದವರು.

ಮೊದಲನೆಯವರು ಕೆ.ಎಸ್. ಪುಟ್ಟಸ್ವಾಮಿ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾಗಿದ್ದವರು, ಆಂಧ್ರಪ್ರದೇಶದ ಹಿಂದುಳಿದ ವರ್ಗಗಳ ಆಯೋಗದಲ್ಲೂ ಕೆಲಸ ಮಾಡಿದವರು. ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಅವರ ಹೆಸರಿನ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ಕೊಟ್ಟಿತು. 2024ರ ಅಕ್ಟೋಬರಿನಲ್ಲಿ, 98ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮುಚ್ಚುವ ಕೀಲಿಯನ್ನು ಈ ದೇಶದ ಪ್ರತಿಯೊಬ್ಬನ ಕೈಗೆ ಕೊಡಿಸಿ ಹೋದವರು ಅವರು.

ಎರಡನೆಯವರು ಬಿ.ಎನ್. ಶ್ರೀಕೃಷ್ಣ, ಬೆಂಗಳೂರಿನಲ್ಲಿ ಹುಟ್ಟಿದವರು. ಅವರ ಅಧ್ಯಕ್ಷತೆಯ ಸಮಿತಿ 2018ರ ಜುಲೈನಲ್ಲಿ ಒಪ್ಪಿಸಿದ ಕರಡಿನಲ್ಲಿ, ಒಬ್ಬ ವ್ಯಕ್ತಿ ತನ್ನ ದತ್ತಾಂಶವನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆದು, ತಾನು ಬಯಸಿದ ಇನ್ನೊಂದು ಸಂಸ್ಥೆಗೆ ಒಯ್ಯುವ ಹಕ್ಕನ್ನು ಬರೆದಿತ್ತು. ಯುರೋಪಿನ ಜನರಿಗೆ ಅದೇ ವರ್ಷದ ಮೇ 25ರಿಂದ ಅಂಥ ಹಕ್ಕು ಇದೆ. ನಮ್ಮ 2019ರ ಮಸೂದೆಯಲ್ಲೂ ಅದು ಉಳಿದಿತ್ತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಅದು ಇಲ್ಲ. ಆ ಕಾಯ್ದೆಯ ಪ್ರಕಾರ ನಮ್ಮ ಲೆಕ್ಕದ ಸಾರಾಂಶ ಕೇಳಬಹುದು, ತಪ್ಪು ತಿದ್ದಿಸಬಹುದು, ಅಳಿಸಿ ಎನ್ನಬಹುದು; ಆ ಗುರುಗಳು ದಾರದಲ್ಲಿ ಹೊಲಿದು ಕೊಟ್ಟ ಹಾಗೆ ‘ನನ್ನ ಹಾಳಿ ಕೊಡಿ, ಮುಂದಿನ ಮಾಸ್ತರರಿಗೆ ತೋರಿಸುತ್ತೇನೆ’ ಎಂದು ಹಕ್ಕಿನಿಂದ ಕೇಳುವಂತಿಲ್ಲ. ಇಬ್ಬರಲ್ಲಿ ಒಬ್ಬರ ಕೀಲಿ ನಮಗೆ ಸಿಕ್ಕಿತು, ಇನ್ನೊಬ್ಬರದ್ದು ದಾರಿಯಲ್ಲಿ ಬಿದ್ದುಹೋಯಿತು.

ಅದನ್ನು ಹುಡುಕಿ ತರುವುದು ಅಸಾಧ್ಯವಲ್ಲ. ನೀರು ಹಂಚಿಕೊಳ್ಳುವಲ್ಲಿ ಇಂಥ ಪಾಠ ನಮಗೆ ಹೊಸದಲ್ಲ. ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಮೇಲೆ ನಿಂತಾಗಲೆಲ್ಲ ನನಗೆ ಆಲಮಟ್ಟಿ, ನಾರಾಯಣಪುರಗಳು ನೆನಪಾಗುತ್ತವೆ. ನಮ್ಮಲ್ಲಿ ಹರಿದ ಕೃಷ್ಣೆಯೇ ಅಲ್ಲಿ ಕಾಲುವೆಗಳಾಗಿ ಡೆಲ್ಟಾದ ಗದ್ದೆಗಳಿಗೆ ಇಳಿಯುತ್ತಾಳೆ. ಈ ನೀರಿಗಾಗಿ ಎರಡೂ ರಾಜ್ಯಗಳ ನಡುವೆ ಜಗಳ ಕಡಿಮೆಯೇನಿಲ್ಲ. ಆದರೂ 1969ರಲ್ಲಿ ಬಚಾವತ್ ನ್ಯಾಯಮಂಡಳಿ ಕೂತಾಗಿನಿಂದ ಒಂದು ತತ್ವ ನಿಂತಿದೆ: ಮೇಲಿನವರು ಅಣೆಕಟ್ಟು ಕಟ್ಟಬಹುದು, ಆದರೆ ಕೆಳಗಿನವರ ಪಾಲನ್ನು ಅಳಿಸುವಂತಿಲ್ಲ. ನಮ್ಮ ಹಳ್ಳಿಗಳಲ್ಲಿ ನೀರಗಂಟಿ ಎಂಬಾತ ಇದ್ದ. ತೂಬು ಎತ್ತುವ, ಇಳಿಸುವ ಕೆಲಸ ಅವನದು. ಅದಕ್ಕೆ ಊರು ಅವನಿಗೆ ಕಾಳು ಕೊಡುತ್ತಿತ್ತು. ಕೆರೆ ತನ್ನದೆಂದು ಅವನು ಎಂದೂ ಹೇಳಲಿಲ್ಲ. ಆ್ಯಪ್ ಕಂಪನಿಗಳಿಗೂ ಅವರ ಕಾಳು ಸಲ್ಲಲಿ. ಸರ್ವರ್ ನಡೆಸಲು ಖರ್ಚಿದೆ, ಅದನ್ನು ನಾನು ಒಪ್ಪುತ್ತೇನೆ. ಕೆರೆ ಮಾತ್ರ ಊರಿನದಾಗಿರಲಿ.

ಹಣಕಾಸಿನಲ್ಲಿ ಈ ವ್ಯವಸ್ಥೆಯನ್ನು ನಾವು ಆಗಲೇ ಕಟ್ಟಿದ್ದೇವೆ. ರಿಸರ್ವ್ ಬ್ಯಾಂಕ್ 2016ರಲ್ಲಿ ನಿಯಮ ರೂಪಿಸಿದ, 2021ರಲ್ಲಿ ಚಾಲನೆಗೆ ಬಂದ ಅಕೌಂಟ್ ಅಗ್ರಿಗೇಟರ್ ಪದ್ಧತಿಯಲ್ಲಿ ಗ್ರಾಹಕ ತನ್ನ ಬ್ಯಾಂಕಿನ ಲೆಕ್ಕವನ್ನು ಯಾರಿಗೆ, ಯಾವ ಕಾರಣಕ್ಕೆ, ಎಷ್ಟು ದಿನ ತೋರಿಸಬೇಕೆಂದು ಹೇಳಬಹುದು; ಒಪ್ಪಿಗೆಯನ್ನು ಹಿಂದಕ್ಕೂ ಪಡೆಯಬಹುದು. ಸಾಲಕ್ಕಾಗಿ ಇಷ್ಟು ನಾಜೂಕಾದ ತೂಬು ಕಟ್ಟಬಲ್ಲ ದೇಶ, ಓಡುವ ಮಕ್ಕಳಿಗೂ ಒಂದನ್ನು ಕಟ್ಟಬಲ್ಲದು. ‘ಈ ಋತು ಮುಗಿಯುವವರೆಗೆ, ಈ ತರಬೇತುದಾರರಿಗೆ, ನಾಡಿ ಮತ್ತು ವೇಗ ಮಾತ್ರ, ಮನೆಯ ದಾರಿ ಬೇಡ’ ಎಂದು ಹುಡುಗಿಯೊಬ್ಬಳು ಹೇಳಲು ಸಾಧ್ಯವಾದರೆ, ಖಾಸಗಿತನವೂ ಉಳಿಯಿತು, ತರಬೇತಿಯೂ ನಡೆಯಿತು. ಕ್ರೀಡಾ ಪ್ರಾಧಿಕಾರಗಳು ಇದನ್ನು ಕೇಳಬೇಕು. ನಮ್ಮ ಕಾಯ್ದೆ 18 ವರ್ಷದೊಳಗಿನವರ ವಿಚಾರದಲ್ಲಿ ಹೆತ್ತವರ ದೃಢಪಟ್ಟ ಒಪ್ಪಿಗೆ ಬೇಕೆನ್ನುತ್ತದೆ, ಮಕ್ಕಳ ಜಾಡು ಹಿಡಿಯುವುದನ್ನು ತಡೆಯುತ್ತದೆ. ಕಿರಿಯರ ಕ್ರೀಡೆಯಲ್ಲಿ ಇದರ ಅರ್ಥವೇನು, ತರಬೇತಿ ಎಲ್ಲಿ ಮುಗಿಯುತ್ತದೆ, ಜಾಡು ಹಿಡಿಯುವುದು ಎಲ್ಲಿ ಶುರುವಾಗುತ್ತದೆ ಎಂದು ಈಗಲೇ ಸ್ಪಷ್ಟಪಡಿಸಿಕೊಳ್ಳಬೇಕು.

ಕಾನೂನು ಬರುವವರೆಗೆ ಕಾಯಬೇಕಿಲ್ಲ. ಓಟಗಾರರೇ, ತಿಂಗಳಿಗೊಮ್ಮೆ ನಿಮ್ಮ ಮೂಲ ಫೈಲುಗಳನ್ನು ಇಳಿಸಿ ನಿಮ್ಮಲ್ಲೇ ಇಟ್ಟುಕೊಳ್ಳಿ. ಹೆಚ್ಚಿನ ಆ್ಯಪ್‌ಗಳು ಅದಕ್ಕೆ ಅವಕಾಶ ಕೊಡುತ್ತವೆ. ಮನೆಯ ಸುತ್ತಲಿನ ದಾರಿ ನಕಾಶೆಯಲ್ಲಿ ಕಾಣದಂತೆ ಮರೆ ಹಾಕಿ. ತರಬೇತುದಾರರೇ, ಮಕ್ಕಳ ಲೆಕ್ಕ ನೋಡುವ ಮೊದಲು ಅವರ ತಾಯಿತಂದೆಯರನ್ನು ಎದುರಿಗೆ ಕೂರಿಸಿಕೊಂಡು ಕೇಳಿ. ಬಿಟ್ಟುಹೋಗುವ ಶಿಷ್ಯನಿಗೆ ಅವನ ಲೆಕ್ಕ ಕೊಟ್ಟು ಕಳಿಸಿ.

ಇಲ್ಲಿನ ಕೆಲವು ಮಕ್ಕಳಿಗೆ ನಾನೂ ಬೆಳಿಗ್ಗೆ ಹೊತ್ತು ಓಟ ಹೇಳಿಕೊಡುತ್ತೇನೆ. ಕಳೆದ ಬೇಸಿಗೆಯಲ್ಲಿ ಅವರಲ್ಲೊಬ್ಬಳು ವಿಜಯವಾಡದ ಕಾಲೇಜಿಗೆ ಸೇರಿದಳು. ರತ್ನಾಚಲ ಎಕ್ಸ್‌ಪ್ರೆಸ್ ಹೊರಡಲು ಇನ್ನೂ ಹೊತ್ತಿತ್ತು. ಎರಡು ವರ್ಷದ ಅವಳ ಓಟದ ಫೈಲುಗಳನ್ನು ಒಂದು ಪೆನ್‌ಡ್ರೈವಿಗೆ ಹಾಕಿ, ಬದಿಯ ಟಿಪ್ಪಣಿಗಳನ್ನು ಕಾಗದದ ಮೇಲೆ ಕೈಯಾರೆ ಬರೆದು ಅವಳಿಗೆ ಕೊಟ್ಟೆ. ನನ್ನಲ್ಲಿದ್ದ ಪ್ರತಿಯನ್ನು ಅವಳೆದುರೇ ಅಳಿಸಿದೆ. “ಯಾಕೆ ಸಾರ್, ನಿಮಗೆ ಬೇಡವೇ?” ಎಂದಳು. ಓಡಿದವಳು ನೀನು ಎಂದೆ. ಅವಳು ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸ್ಪೈಕ್ಸ್ ಇದ್ದ ಚೀಲದೊಳಗೆ ಇಟ್ಟುಕೊಂಡು ರೈಲು ಹತ್ತಿದಳು.